ರೋಗದ ಮೇಡಂ

ಸಸ್ಯ ಸಂಶೋಧನಾಲಯದಲ್ಲಿ ಎಲ್ಲರೂ ಆಕೆಯನ್ನು ಬೆನ್ನ ಹಿಂದೆ ‘ರೋಗದ ಮೇಡಂ’ ಎನ್ನುತ್ತಾರೆ. ಆಕೆಗೂ ಗೊತ್ತು, ಬೇಸರವಿಲ್ಲ, ಏಕೆಂದರೆ ಆರೋಗ್ಯವಾಗಿರುವ ಗಿಡದಲ್ಲಿ ಆಕೆಗೆ ಆಸಕ್ತಿಯೇ ಇಲ್ಲ. ಬೆಳಿಗ್ಗೆ ಬಂದವಳೇ ಸೂಜಿಯಿಲ್ಲದ ಸಿರಿಂಜಿಗೆ ಬ್ಯಾಕ್ಟೀರಿಯಾ ತುಂಬಿ, ಮಗುವಿನ ಗಲ್ಲ ಹಿಡಿದಂತೆ ಎಲೆ ಹಿಡಿದು, ಅದರ ಬೆನ್ನಿಗೆ ಒತ್ತುತ್ತಾಳೆ. ಹೊಸ ವಿದ್ಯಾರ್ಥಿನಿ ಯಾರಾದರೂ “ಅಯ್ಯೋ ಪಾಪ” ಎಂದರೆ, “ಪಾಪ ಗೀಪ ಏನೂ ಇಲ್ಲ ಕಣೆ. ಸುಮ್ಮನೆ ಕೂರೋಕೆ ಅದೇನು ನಮ್ಮ ಡೈರೆಕ್ಟರಾ? ಹೇಗೆ ಎದುರು ನಿಲ್ಲುತ್ತೆ ನೋಡು” ಎನ್ನುತ್ತಾಳೆ. ಸೋಂಕು ತಗುಲಿದ ಕಡೆ ಜೀವಕೋಶಗಳು ತಾವೇ ಸತ್ತು ರೋಗದ ದಾರಿ ಮುಚ್ಚಿದ ಕಂದು ಚುಕ್ಕೆಯನ್ನು, ಮಗಳ ಅಂಕಪಟ್ಟಿಯೇನೋ ಎಂಬಂತೆ, ಗೇಟಿನ ಕಾವಲುಗಾರನನ್ನೂ ಕರೆದು ತೋರಿಸುತ್ತಾಳೆ. ಬಂದವರಿಗೆಲ್ಲ ಕೊನೆಗೆ ತೋರಿಸುವುದು ಮೂಲೆಯ ಕುಂಡದಲ್ಲಿರುವ ಹೆಬ್ಬೆರಳೆತ್ತರದ ಗಿಡ. “ಇದಕ್ಕೆ ಯಾವ ರೋಗವೂ ಇಲ್ಲ. ಆದ್ರೂ ಸದಾ ಯುದ್ಧಕ್ಕೆ ನಿಂತಿರುತ್ತೆ. ಕಾವಲು ಕಾಯೋದ್ರಲ್ಲೇ ಶಕ್ತಿಯೆಲ್ಲ ಹೋದ್ರೆ ಬೆಳೆಯೋದು ಎಲ್ಲಿಂದ?” ಎಂದು ನಗುತ್ತಾಳೆ. ಗಂಡನನ್ನು ಜ್ವರ ಕೊಂಡೊಯ್ದ ಮೇಲೆ ಆಕೆಯ ಮನೆಯ ಕಿಟಕಿ ತೆರೆದಿಲ್ಲ, ಮಗಳು ಶಾಲೆಯಿಂದ ಬಂದರೆ ಬಾಗಿಲಲ್ಲೇ ಕೈಕಾಲಿಗೆ, ಚೀಲಕ್ಕೆ, ಪೆನ್ಸಿಲ್ಲಿಗೂ ಸ್ನಾನ, ಆಟವೇನಿದ್ದರೂ ಒಳಗೇ. ಮೊನ್ನೆ ರಜೆಯೆಂದು ಜೊತೆಗೆ ಬಂದಿದ್ದ ಮಗಳು ಆ ಗಿಡದ ಕತೆಯನ್ನೆಲ್ಲ ಕೇಳಿ, ಮಾಸ್ಕ್ ಹಾಕಿದ ಮುಖವನ್ನು ಕುಂಡದ ಮಟ್ಟಕ್ಕೆ ತಗ್ಗಿಸಿ, “ಅಮ್ಮಾ, ಇದನ್ನೂ ಹೊರಗೆ ಆಡೋಕೆ ಬಿಡಲ್ವಾ?” ಎಂದಳು. ಮೇಡಂ ಸಿರಿಂಜು ಕೆಳಗಿಟ್ಟಳು, ಮಗಳನ್ನು ಹೊರಗಿನ ಮೆಟ್ಟಿಲಿಗೆ ಕರೆತಂದು ಮಾಸ್ಕಿನ ದಾರವನ್ನು ಒಂದು ಕಿವಿಯಿಂದ ಬಿಡಿಸಿದಳು. ಇನ್ನೊಂದು ಕಿವಿಯದಕ್ಕೆ ತುಸು ಹೊತ್ತು ಹಿಡಿಯಿತು.