ರಾಜೀನಾಮೆಯ ಹೆಬ್ಬೆಟ್ಟು

ರಾಯಚೂರಿನ ಕೋರ್ಟಿನ ಪಡಸಾಲೆಯಲ್ಲಿ ಬೆಂಚುಗಳಿಗೆ ಬರವಿರಲಿಲ್ಲ. ಆದರೆ ಆದೆಮ್ಮ ಒಂದು ದಿನವೂ ಅವುಗಳ ಮೇಲೆ ಕೂತವಳಲ್ಲ. ಈ ಕಂಬದಿಂದ ಆ ಕಂಬಕ್ಕೆ, ಆ ಕಂಬದಿಂದ ಈ ಕಂಬಕ್ಕೆ ನಡೆಯುತ್ತಲೇ ಇರುತ್ತಿದ್ದಳು. ಬಲಗಾಲು ಸದ್ದಿಲ್ಲದೆ ಬೀಳುತ್ತಿತ್ತು. ಎಡಗಾಲನ್ನು ಮಾತ್ರ ಮೊಣಕಾಲಿನಿಂದ ಎತ್ತಿ ಒಗೆಯಬೇಕಾಗಿತ್ತು. ಜೋತುಬಿದ್ದ ಪಾದ ಕಲ್ಲಿಗೆ ಚಟ್ ಎಂದು ಬಡಿಯುತ್ತಿತ್ತು.

"ಏ ಯವ್ವಾ, ಒಂದ್ಕಡಿ ಕುಂದ್ರಬಾರದೇನು? ಒಳಗ ಸಾಹೇಬ್ರು ಕೇಸ್ ಕೇಳಾಕತ್ತಾರ" ಎಂದು ಜವಾನ ಗದರಿದ.

"ಕುಂದ್ರು ಅಂದ್ರ ಕುಂದ್ರೂ ಜಾತಿ ಅಲ್ಲಪ್ಪಾ ನಂದು. ಅದನ್ನ ನಿಮ್ಮ ಸಾಹೇಬ್ರಿಗೆ ಹೇಳಾಕ ಬಂದೀನಿ" ಎಂದಳು ಆದೆಮ್ಮ.

ಅದು ಸುಳ್ಳಲ್ಲ. ದೇವದುರ್ಗದ ಕಡೆಯ ಕುರುಬರ ಮನೆಯ ಮಗಳು. ನಡೆಯಲು ಕಲಿತದ್ದೇ ಕುರಿಯ ಹಿಂದೆ. ಮದುವೆಯಾದ ಮೇಲೆ ಗಂಡ ಅಂಬಣ್ಣ ಮಂದೆಯ ಮುಂದೆ, ಇವಳು ಹಿಂದೆ. ಪ್ರತಿ ವರ್ಷ ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ಅವರ ಮಂದೆ ಮಾನ್ವಿಯ ಕಾಲುವೆ ಸೀಮೆಗೆ ಇಳಿಯುತ್ತಿತ್ತು. ಹೊಲಕ್ಕೆ ಗೊಬ್ಬರವಾಗಲೆಂದು ರೈತರು ತಮ್ಮ ಗದ್ದೆಯಲ್ಲಿ ಕುರಿ ಕೂಡಿಸಿಕೊಂಡು, ಪ್ರತಿಯಾಗಿ ಕಾಳು ಅಳೆದು ಕೊಡುತ್ತಿದ್ದರು. ಹಿಂದುಳಿದ ಕುಂಟು ಕುರಿಯನ್ನು, ಆಗತಾನೆ ಹುಟ್ಟಿದ ಮರಿಯನ್ನು ಹೊತ್ತು ತರುವುದು ಆದೆಮ್ಮನ ಪಾಲಿನ ಕೆಲಸ. ಅವಳಿಲ್ಲದ ಮಂದೆ ಬಾಲವಿಲ್ಲದ ಗಾಳಿಪಟ ಎಂದು ಅಂಬಣ್ಣ ಕುಡಿದಾಗ ಹೊಗಳುತ್ತಿದ್ದ. ಕುಡಿಯದಿದ್ದಾಗ ಹೊಗಳುವ ಅಭ್ಯಾಸ ಅವನಿಗಿರಲಿಲ್ಲ.

1979ರ ಜನವರಿಯಲ್ಲಿ ಮಲ್ಲಟದ ಹತ್ತಿರ ಮಂದೆ ಬೀಡುಬಿಟ್ಟಿದ್ದಾಗ ಅವಳಿಗೆ ಚಳಿಜ್ವರ ಬಂತು. ಮಾನ್ವಿಯ ಒಂದು ಖಾಸಗಿ ದವಾಖಾನೆಗೆ ಹೋದಳು. ಅಂದು ಸಂತೆ, ಬಾಗಿಲತನಕ ಜನ. ಒಳಗಿದ್ದ ಡಾಕ್ಟರು ತಲೆಯೆತ್ತದೆ, "ಮೌನಪ್ಪಾ, ಇಕಿಗೊಂದು ಸೂಜಿ ಹಾಕು" ಎಂದರು. ಕಂಪೌಂಡರ್ ಮೌನಪ್ಪ ಹೆಸರಿಗೆ ಮಾತ್ರ ಮೌನಿ. ಹೊರಗಿನ ಯಾರೊಂದಿಗೋ ಬಾಡಿಗೆ ಮನೆಯ ವಿಷಯ ಮಾತಾಡುತ್ತ, ಅವಳನ್ನು ನಿಂತಲ್ಲೇ ತಿರುಗಿಸಿ, ಸೀರೆಯ ಮೇಲಿಂದಲೇ ಕುಂಡೆಗೆ ಸೂಜಿ ಚುಚ್ಚಿದ. ಸೊಂಟದಿಂದ ಹೆಬ್ಬೆರಳತನಕ ಕಾದ ಸಲಾಕೆ ಎಳೆದಂತಾಗಿ ಆದೆಮ್ಮ ಚೀರಿದಳು. "ಜ್ವರದ ಸೂಜಿ ಹಂಗಽ ಇರತದ" ಎಂದ ಮೌನಪ್ಪ. ಸಂಜೆ ಜ್ವರ ಇಳಿಯಿತು. ಅದರೊಡನೆ ಪಾದವೂ ಇಳಿಯಿತು.

ಎಣ್ಣೆ ತಿಕ್ಕಿದರು, ಬಿಸಿ ಉಪ್ಪಿನ ಗಂಟು ಇಟ್ಟರು. ಕೊನೆಗೆ ರಾಯಚೂರಿನ ದೊಡ್ಡ ದವಾಖಾನೆಯ ವೈದ್ಯರು ಪಾದವನ್ನು ಕೈಯಲ್ಲಿ ಹಿಡಿದು ನೋಡಿ, ಸೂಜಿ ನರಕ್ಕೆ ತಾಗಿದೆ, ಈ ಪಾದ ಇನ್ನು ಏಳದು ಎಂದು ಚೀಟಿ ಬರೆದುಕೊಟ್ಟರು. ಮಂದೆ ಯಾರಿಗೂ ಕಾಯುವುದಿಲ್ಲ. ಮೇವು ಮುಗಿದ ಮೇಲೆ ಅಂಬಣ್ಣ ಹೊರಟುಹೋದ. ಆದೆಮ್ಮ ಮಾನ್ವಿಯಲ್ಲಿ, ಬಳೆ ಮಾರುವ ಮುನ್ನೀ ಬೀಯ ಮನೆಯ ಪಕ್ಕದ ಕೋಣೆಯಲ್ಲಿ, ಉಣ್ಣೆ ನೂಲುತ್ತ ಉಳಿದಳು. ನಾಲ್ಕು ಗೋಡೆಗಳ ನಡುವೆ ಅವಳು ಮಲಗಿದ್ದು ಅದೇ ಮೊದಲು. ಬೆಳಗಾಗುವ ಮುಂಚೆಯೇ ಎದ್ದು, ಎಲ್ಲಿಗೂ ಹೋಗಲಿಕ್ಕಿಲ್ಲದೆ, ಓಣಿಯ ಉದ್ದಕ್ಕೂ ಚಟ್ ಚಟ್ ಎಂದು ತಿರುಗುತ್ತಿದ್ದಳು. ವಾರಕ್ಕೊಮ್ಮೆ ದವಾಖಾನೆಯ ಮುಂದೆ ನಿಂತು, ಬಂದ ರೋಗಿಗಳಿಗೆಲ್ಲ ತನ್ನ ಕಾಲು ತೋರಿಸುತ್ತಿದ್ದಳು.

ಜುಲೈ ತಿಂಗಳಲ್ಲಿ ಮೌನಪ್ಪ ತಾನಾಗಿಯೇ ಅವಳ ಬಾಗಿಲಿಗೆ ಬಂದ. ಕೈಯಲ್ಲೊಂದು ಕಾಗದ, ಮಸಿಯ ಡಬ್ಬಿ.

"ರಾಜೀನಾಮೆ ತಯಾರಾಗೇದ ಆದೆಮ್ಮ. ಡಾಕ್ಟರು ಸೈ ಮಾಡ್ಯಾರ. ನಿಂದೊಂದು ಹೆಬ್ಬೆಟ್ಟು ಬೇಕು."

ಇಲ್ಲಿ ಒಂದು ಮಾತು ತಿಳಿಯಬೇಕು. ನಿಜಾಮರ ಕಾಲದ ಕಚೇರಿಗಳಲ್ಲಿ ಬೆಳೆದವರ ಬಾಯಲ್ಲಿ ರಾಜೀನಾಮೆ ಎಂದರೆ ಇಬ್ಬರೂ ರಾಜಿಯಾದೆವೆಂದು ಬರೆದ ಪತ್ರ. ಆದೆಮ್ಮ ಕಚೇರಿಯ ಮೆಟ್ಟಿಲು ಹತ್ತಿದವಳಲ್ಲ. ಆ ಶಬ್ದವನ್ನು ಅವಳು ಕೇಳಿದ್ದು ಅದೇ ವಾರ, ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ರೇಡಿಯೋದಲ್ಲಿ. ದಿಲ್ಲಿಯ ಸರ್ಕಾರ ರಾಜೀನಾಮೆ ಕೊಟ್ಟಿತೆಂದು ವಾರ್ತೆಯಾಗಿತ್ತು. ಹಾಗೆಂದರೇನೆಂದು ಕೇಳಿದ್ದಕ್ಕೆ ಚಹಾದವನು, "ಮಾಡಿದ್ದು ಸರಿ ಆಗಲಿಲ್ಲ, ಕುರ್ಚಿ ಬಿಟ್ಟು ಇಳದರು ಅಂತ" ಎಂದಿದ್ದ.

ಅಂದರೆ ಡಾಕ್ಟರು ಕುರ್ಚಿ ಬಿಟ್ಟು ಇಳಿಯುತ್ತಿದ್ದಾರೆ! ಸೂಜಿ ತಿಂದ ತಾನೇ ಅದಕ್ಕೆ ಸಾಕ್ಷಿಯಾಗಬೇಕಂತೆ. ಅದು ನ್ಯಾಯವೇ ತಾನೆ? ಆದೆಮ್ಮ ಹೆಬ್ಬೆಟ್ಟನ್ನು ಮಸಿಗೆ ಅದ್ದಿ, ಕಾಗದ ಹರಿಯುವಷ್ಟು ಒತ್ತಿದಳು. ಔಷಧಕ್ಕಿರಲಿ ಎಂದು ಮೌನಪ್ಪ ಇಟ್ಟುಹೋದ ನೂರೈವತ್ತು ರೂಪಾಯಿಯಲ್ಲಿ ಸಕ್ಕರೆ ತರಿಸಿ ಓಣಿಗೆಲ್ಲ ಹಂಚಿದಳು. ಮರುದಿನದಿಂದ ಮುನ್ನೀ ಬೀಯನ್ನು ಎಳೆದುಕೊಂಡು ದವಾಖಾನೆಯ ಎದುರಿಗೆ ಹೋಗಿ, ಫಲಕ ಯಾವಾಗ ಇಳಿಸುತ್ತಾರೆಂದು ಕಾದಳು. ಹತ್ತು ದಿನ ಕಾದಳು. ಫಲಕಕ್ಕೆ ಹೊಸ ಬಣ್ಣ ಬಂತು.

"ಡಾಕ್ಟರು ಯಾವಾಗ ಹೋಗತಾರ?" ಎಂದು ಒಳಗೆ ನುಗ್ಗಿ ಕೇಳಿದಳು.

"ಎಲ್ಲಿಗೆ?" ಎಂದ ಮೌನಪ್ಪ. ವಿಷಯ ಅರ್ಥವಾದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಯಬ್ಬಾ! ರಾಜಿ ಆಗೀದಿ ಬೇ ನೀ. ನನ್ನ ತಕರಾರೇನೂ ಇಲ್ಲ ಅಂತ ಬರಕೊಟ್ಟೀದಿ. ಇನ್ನ ಈ ಬಾಗಿಲಿಗೆ ಬರಬ್ಯಾಡ."

ಆ ನಗೆ ಅವಳನ್ನು ಸೂಜಿಗಿಂತ ಆಳವಾಗಿ ಚುಚ್ಚಿತು. ಊರಿನ ಶಾಲೆಯಲ್ಲಿ ಸಂಜೆ ದೊಡ್ಡವರಿಗೆ ಓದು ಹೇಳಿಕೊಡುವ ತರಗತಿ ಶುರುವಾಗಿತ್ತು. ಆದೆಮ್ಮ ಹೋಗಿ ಕೂತಳು. ಕೂರಲಾಗದೆ ಗೋಡೆಗೆ ಒರಗಿ ನಿಂತಳು. ಮೇಷ್ಟ್ರು ತಾಯಣ್ಣ ಹಲಗೆಯ ಮೇಲೆ ಅ ಬರೆದರು.

"ಅದು ಆಮ್ಯಾಲೆ ಕಲೀತೀನ್ರಿ. ಮೊದಲ ರಾ ಬರೀರಿ."

"ಅ ಬರಲಾರದ ರಾ ಹೆಂಗ ಬರತದ ಆದೆಮ್ಮ?"

"ನನ್ನ ಮನಿಗೆ ಅದಽ ಮೊದಲ ಬಂತ್ರಿ. ಏನ್ ಮಾಡ್ಲಿ?"

ಎರಡು ವರ್ಷ ಹೀಗೆ ಸಾಗಿತು. ನೂಲುವ ಕೈಗೆ ಬಳಪ ಒಗ್ಗದೆ ಮೂರು ಹಲಗೆ ಒಡೆದಳು. ದಾರಿಯಲ್ಲಿ ಕಂಡ ಅಂಗಡಿಯ ಹೆಸರು, ಬಸ್ಸಿನ ಊರು, ಗೋಡೆಯ ಜಾಹೀರಾತು ಎಲ್ಲವನ್ನೂ ಗಟ್ಟಿಯಾಗಿ ಓದಿ ಮುನ್ನೀ ಬೀಯ ತಲೆ ತಿಂದಳು. 1981ರ ಡಿಸೆಂಬರಿನಲ್ಲಿ ಆಸ್ಪತ್ರೆಯ ಚೀಟಿಯನ್ನು ತಾನೇ ಓದಿಕೊಂಡು ರಾಯಚೂರಿನ ವಕೀಲ ಜಿಲಾನಿ ಪಾಷಾ ಅವರ ಮುಂದೆ ಹೋಗಿ ನಿಂತಳು. ಚೀಟಿಯ ತಾರೀಖು ನೋಡಿ ವಕೀಲರು ಕನ್ನಡಕ ತೆಗೆದರು.

"ಯವ್ವಾ, ಮೂರು ವರ್ಷದ ಒಳಗ ದಾವಾ ಹಾಕಬೇಕು. ಇನ್ನ ನಾಕು ವಾರ ಉಳದದ. ಇಷ್ಟ ದಿನ ಎಲ್ಲಿದ್ದಿ?"

"ಶಾಲಿಯಾಗ ಇದ್ದೆನ್ರಿ."

ಪರಿಹಾರ ಎಷ್ಟು ಕೇಳಬೇಕೆಂದು ಲೆಕ್ಕಹಾಕಲು ಅವರು, "ದಿನಕ್ಕ ಎಷ್ಟು ದುಡೀತಿದ್ದಿ?" ಎಂದರು.

"ದಿನಕ್ಕ ನಾಕು ಹರದಾರಿ."

"ದಾರಿ ಅಲ್ಲ, ರೊಕ್ಕ ಹೇಳು. ಕೋರ್ಟಿಗೆ ಹರದಾರಿ ತಿಳಿಯೂದಿಲ್ಲ."

"ಕೋರ್ಟಿಗೆ ತಿಳೀದಿದ್ರ ನೀವು ತಿಳಿಸ್ರಿ. ಹೋಗಿದ್ದು ರೊಕ್ಕ ಅಲ್ರಿ, ದಾರಿ."

ಜಿಲಾನಿ ಪಾಷಾ ಅದನ್ನೂ ಬರೆದುಕೊಂಡರು.

ದಾವೆ ದಾಖಲಾಗಿ ಒಂದೂವರೆ ವರ್ಷ ಕಳೆದ ಮೇಲೆ ವಿಚಾರಣೆ ಬಂತು. ಡಾಕ್ಟರ ವಕೀಲರು ಬೇರೇನೂ ವಾದಿಸಲಿಲ್ಲ. ಆ ಹೆಬ್ಬೆಟ್ಟಿನ ಕಾಗದವನ್ನು ನ್ಯಾಯಾಧೀಶರ ಮುಂದಿಟ್ಟು, ಈಕೆ ಹಣ ಪಡೆದು ರಾಜಿಯಾಗಿದ್ದಾಳೆ, ಸಂತೋಷದಿಂದ ಸಕ್ಕರೆಯನ್ನೂ ಹಂಚಿದ್ದಾಳೆ ಎಂದರು. ಆ ಕಾಗದ ನಿಂತರೆ ದಾವೆ ಬಿದ್ದಂತೆ. ಸಾಕ್ಷಿಯ ಕಟಕಟೆಯಲ್ಲಿ ಮುನ್ನೀ ಬೀ ನಿಂತಿದ್ದಳು.

"ರೊಕ್ಕ ಬಂತು ಅಂತ ಸಕ್ಕರಿ ಹಂಚಿದಳು, ಹೌದಲ್ಲೋ?" ಎಂದು ವಕೀಲರು ಕೇಳಿದರು.

"ತೋಬಾ! ಕಾಲು ಹೋಗಿದ್ದಕ್ಕ ಯಾರರ ಸಕ್ಕರಿ ಹಂಚತಾರೇನ್ರಿ ಸಾಬ್? ಡಾಕ್ಟರ್ ರಾಜೀನಾಮೆ ಕೊಟ್ಟ, ದವಾಖಾನಿ ಬಂದ್ ಮಾಡತಾನ, ಇನ್ನೊಬ್ಬರ ಕಾಲು ಉಳೀತು ಅಂತ ಹಂಚಿದಳು. ಹತ್ತು ದಿನ ನನ್ನ ಧಂದಾ ಬಿಡಿಸಿ, ಬೋರ್ಡ್ ಇಳಿಸೂದು ನೋಡೂಣು ಬಾ ಅಂತ ಬಿಸಿಲಾಗ ಕುಂದ್ರಿಸಿದಳು. ಆ ಹತ್ತು ದಿನದ ಬಳಿ ವ್ಯಾಪಾರ ಯಾರು ಕೊಡತಾರ? ನೀವು ಕೊಡತೀರೇನು?"

ಕೋರ್ಟು ನಕ್ಕಿತು. ಮೈಸೂರು ಕಡೆಯವರಾದ ನ್ಯಾಯಾಧೀಶರು ನಗಲಿಲ್ಲ. ಕಾಗದವನ್ನು ಮಗುಚಿ ನೋಡಿ, "ನಮ್ಮ ಕಡೆ ರಾಜೀನಾಮೆ ಅಂದರೆ ಈಕೆ ತಿಳಿದುಕೊಂಡದ್ದೇ ಅರ್ಥ. ಒಳಗೆ ಬರೆದದ್ದನ್ನು ಈಕೆಗೆ ಓದಿ ಹೇಳಿದವರು ಯಾರು?" ಎಂದು ಕೇಳಿದರು. ಮೌನಪ್ಪ ಮೊದಲ ಸಲ ತನ್ನ ಹೆಸರಿಗೆ ತಕ್ಕಂತೆ ನಿಂತ. ಕಾಗದ ಬಿದ್ದುಹೋಯಿತು, ದಾವೆ ಎದ್ದುನಿಂತಿತು.

ಮುಂದಿನ ವಾಯಿದೆಗೆ ಮೊದಲೇ ಡಾಕ್ಟರ ಕಡೆಯಿಂದ ಮಾತು ಬಂತು: ಹನ್ನೆರಡು ಸಾವಿರ ಕೊಡುತ್ತೇವೆ, ಮುಗಿಸೋಣ. ಜಿಲಾನಿ ಪಾಷಾ ಕರಡನ್ನು ಅವಳ ಕೈಗೆ ಕೊಟ್ಟರು. ಆದೆಮ್ಮ ಪಡಸಾಲೆಯಲ್ಲಿ ನಡೆಯುತ್ತಲೇ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಎರಡೂ ಕಡೆಯ ವಕೀಲರು ಕಾದರು.

"ಮಾನವೀಯತೆಯ ದೃಷ್ಟಿಯಿಂದ ಧನಸಹಾಯ. ಇದೇನ್ರಿ? ನಾ ಭಿಕ್ಷಾ ಬೇಡಾಕ ಬಂದೀನೇನು?"

"ರೊಕ್ಕ ಅಷ್ಟಽ ಬರತದ ಯವ್ವಾ, ಶಬ್ದ ಯಾವುದಿದ್ರೇನು?" ಎಂದರು ಜಿಲಾನಿ ಪಾಷಾ.

"ಒಂದು ಶಬ್ದಕ್ಕ ನನ್ನ ನಾಕು ವರ್ಷ ಹೋದುವು, ವಕೀಲ್ ಸಾಬ್ರೆ. ನೀವಽ ಹಿಂಗ ಕೇಳತೀರಿ?"

ಕರಡು ಮೂರು ಸಲ ಹೋಗಿ ಬಂತು. 'ತಪ್ಪು' ಎಂಬ ಮಾತಿಗೆ ಡಾಕ್ಟರು ಕೊನೆಗೂ ಒಪ್ಪಲಿಲ್ಲ. 'ಸೂಜಿಯಿಂದಾದ ಹಾನಿಗೆ ಪರಿಹಾರ' ಎಂಬುದಕ್ಕೆ ಒಪ್ಪಿದರು. ಆದೆಮ್ಮ ಆ ದಿನವೆಲ್ಲ ತಿರುಗಿದಳು, ಜವಾನನ ಬೈಗುಳ ತಿಂದಳು, ಸಂಜೆ ಬಂದು ತನ್ನ ಹೆಸರು ಬರೆದಳು. ತಪ್ಪು ಎಂಬ ಮಾತು ಬರಲಿಲ್ಲವೆಂಬ ಕೊರಗು ಅವಳಿಗೆ ಕಡೆಯತನಕ ಉಳಿಯಿತು. ಅದನ್ನು ಅವಳು ಯಾರಿಂದಲೂ ಮುಚ್ಚಿಡಲಿಲ್ಲ.

ಆಗ ಅಂಬಣ್ಣನ ಮಂದೆ ಚಂದ್ರಬಂಡದ ಬಯಲಲ್ಲಿತ್ತು. ದುಡ್ಡು ಕೈಗೆ ಬಂದ ವಾರವೇ ಆದೆಮ್ಮ ಮಾನ್ವಿಯ ಕೋಣೆ ಖಾಲಿ ಮಾಡಿ, ಒಂದು ಕೆಂದು ಬಣ್ಣದ ತಟ್ಟು ಕುದುರೆ ಕೊಂಡಳು. ಎರಡೂ ಬದಿಗೆ ಜೋಳಿಗೆ ಕಟ್ಟಿ ಮರಿಗಳನ್ನು ಇಳಿಬಿಟ್ಟು, ನಡುವೆ ತಾನು ಕೂತು ಮಂದೆಯ ಹಿಂದೆ ಹೊರಟಳು. ಆ ವರ್ಷವೂ ಕೊಯ್ಲಾದ ಮೇಲೆ ಮಂದೆ ಮಾನ್ವಿಯ ಬೀದಿ ಹಾದು ಕಾಲುವೆಯ ಕಡೆಗೆ ಇಳಿಯಿತು. ದವಾಖಾನೆಯ ಫಲಕ ಹಾಗೆಯೇ ಇತ್ತು. ಆದೆಮ್ಮ ಕುದುರೆ ನಿಲ್ಲಿಸಿ, ಅದರ ಮೇಲಿದ್ದ ಹೆಸರು, ಪದವಿ, ವೇಳೆ ಎಲ್ಲವನ್ನೂ ಒಂದೂ ಬಿಡದೆ ಗಟ್ಟಿಯಾಗಿ ಓದಿದಳು. ಮೌನಪ್ಪ ಬಾಗಿಲಿಗೆ ಬಂದ.

"ಏನ್ ಬೇ ಆದೆಮ್ಮ, ಕುದುರಿ ಏರೀದಿ?"

"ಕುದುರಿ ಅಲ್ಲಪ್ಪಾ ಇದು, ನನ್ನ ಕಾಲು" ಎಂದಳು ಆದೆಮ್ಮ. "ಇಷ್ಟ ದಿನ ನಿಮ್ಮ ದವಾಖಾನ್ಯಾಗ ಇತ್ತು. ಈಗ ಬಿಡಿಸಿಕೊಂಡು ಹೊಂಟೀನಿ."