ಮರದ ರೊಕ್ಕ

ಮೊನ್ನೆ ಯಾವುದೋ ಅರ್ಜಿಯಲ್ಲಿ ನನ್ನ ಮದುವೆಯ ತಾರೀಕು ಬರೆಯಬೇಕಾಗಿ ಬಂತು. ಪಕ್ಕದ ಕೋಣೆಗೆ ಹೋಗಿ ಹೆಂಡತಿಯನ್ನು ಕೇಳಿಕೊಂಡು ಬಂದೆ. ಆದರೆ ನೂರು ವರ್ಷದ ಹಿಂದೆ ಅಮೆರಿಕದ ಪಡ್ಡೆಹುಡುಗರು ಬೊಗಳೆ ಮಾತಿಗೆ ‘ಆಪಲ್ ಸಾಸ್’ ಎನ್ನುತ್ತಿದ್ದರು, ತುಂಬ ಚೆನ್ನಾಗಿರುವುದನ್ನು ಕಂಡರೆ ‘ಬೆಕ್ಕಿನ ಪೈಜಾಮ’ ಎನ್ನುತ್ತಿದ್ದರು. ಇದನ್ನು ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅಕ್ಕಿ ಇಡಬೇಕಾದ ಉಗ್ರಾಣದಲ್ಲಿ ಯಾರದೋ ಹಳೇ ಬಟ್ಟೆ ತುಂಬಿಕೊಂಡ ಹಾಗಿದೆ ನನ್ನ ತಲೆ.

ಈ ಬಟ್ಟೆಯ ಗಂಟು ಸಿಕ್ಕಿದ್ದು ಧಾರವಾಡದಲ್ಲಿ. ಇಂಗ್ಲಿಷ್ ಎಂ.ಎ. ಓದುವಾಗ ನಾನೂ ಸೊರಬದ ಹಾಲೇಶನೂ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದೆವು. ರಸ್ತೆ ಬದಿಯ ಹಳೇ ಪುಸ್ತಕದ ರಾಶಿಯಲ್ಲಿ ಅಮೆರಿಕದ ಆಡುನುಡಿಯ ನಿಘಂಟೊಂದು ಸಿಕ್ಕಿತು. ಮುಖಪುಟ ನೀಲಿ ಬಣ್ಣದ್ದು. ಕಂದು ಬಣ್ಣದ್ದು ಎಂದೂ ಒಮ್ಮೊಮ್ಮೆ ನೆನಪಾಗುತ್ತದೆ. ಅದು ಯಾವ ಕಾಲದ್ದೆಂದು ನೋಡುವ ಬುದ್ಧಿ ಇಬ್ಬರಿಗೂ ಬರಲಿಲ್ಲ. ಅಮೆರಿಕದವರು ಈಗ ಹೀಗೆ ಮಾತಾಡುತ್ತಾರೆ ಎಂದುಕೊಂಡು ರಾತ್ರಿ ಹಗಲು ಉರು ಹೊಡೆದೆವು. ಇಂಗ್ಲಿಷಿನಲ್ಲಿ ಹೇಳಲು ನಾಲಿಗೆ ತಿರುಗುತ್ತಿರಲಿಲ್ಲವಾದ್ದರಿಂದ ಕನ್ನಡ ಮಾಡಿಕೊಂಡೆವು. ಮೆಸ್ಸಿನ ಸಾರು ಬೆಕ್ಕಿನ ಪೈಜಾಮವಾಯಿತು.

ಒಮ್ಮೆ ಅಮೆರಿಕದ ಪ್ರೊಫೆಸರರೊಬ್ಬರು ಉಪನ್ಯಾಸಕ್ಕೆ ಬಂದಿದ್ದರು. ಹೊರಡುವಾಗ ಹಾಲೇಶ ಅವರ ಕೈಕುಲುಕಿ, ನಿಘಂಟಿನಲ್ಲಿದ್ದ ಬೀಳ್ಕೊಡುವ ಮಾತನ್ನು ಗಂಭೀರವಾಗಿ ಇಂಗ್ಲಿಷಿನಲ್ಲೇ ಒಪ್ಪಿಸಿದ: ‘ಮರದ ನಾಣ್ಯ ತಗೋಬೇಡಿ.’ ಪೇಟೆಗೆ ಹೊರಟ ಹಳ್ಳಿಯವನಿಗೆ ಹೇಳುವ ಮಾತು ಅದು. ಹುಷಾರಾಗಿ ಹೋಗು, ಯಾರಿಂದಲೂ ಮೋಸ ಹೋಗಬೇಡ ಎಂದು. ಪ್ರೊಫೆಸರರ ಕಣ್ಣಲ್ಲಿ ನೀರು ಬರುವಷ್ಟು ನಗು. ‘ಇದನ್ನು ನನ್ನ ತಾತ ಹೇಳುತ್ತಿದ್ದ’ ಎಂದರು. ಹಾಲೇಶನ ಕಿವಿ ಕೆಂಪಾದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ನಾನು ಶಿಕಾರಿಪುರದ ಕಾಲೇಜಿನಲ್ಲಿ ಮೇಷ್ಟ್ರಾದೆ, ಅವನು ಸೊರಬದ ಹೈಸ್ಕೂಲಿನಲ್ಲಿ. ಶನಿವಾರ ಮಧ್ಯಾಹ್ನ ಅವನು ಬಸ್ಸು ಹಿಡಿದು ಬರುತ್ತಿದ್ದ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತು ಎರಡು ಮೂರು ಟೀ ಕುಡಿಯುತ್ತಿದ್ದೆವು. ವಾಪಸು ಬಸ್ಸು ಹತ್ತುವಾಗ ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದೆವು: ‘ಮರದ ರೊಕ್ಕ ತಗೋಬ್ಯಾಡ.’ ಹೋಟೆಲಿನ ಯಜಮಾನರು ಅರ್ಥ ಕೇಳಿ ತಿಳಿದುಕೊಂಡು ತಮ್ಮ ಗಿರಾಕಿಗಳಿಗೂ ಹೇಳತೊಡಗಿದರು. ಕಂಡಕ್ಟರುಗಳು ಎತ್ತಿಕೊಂಡರು. ಮೆಕ್ಕೆಜೋಳದ ಕಾಲದಲ್ಲಿ ಎಪಿಎಂಸಿಯ ಹಮಾಲರು ಊರಿಗೆ ಹೊರಟ ರೈತರಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ. ತಾಳಗುಂದದಲ್ಲಿ ಕಲ್ಲಿನ ಮೇಲೆ ಶಾಸನ ಕೊರೆಸಿದವರ ಹೆಸರು ಉಳಿದಿದೆ. ಟೀ ಅಂಗಡಿಯಲ್ಲಿ ಬಾಯಿಂದ ಬಾಯಿಗೆ ದಾಟಿದ ಮಾತಿಗೆ ಹೆಸರಿಲ್ಲ. ಆದರೂ ಇದನ್ನು ಈ ಸೀಮೆಗೆ ತಂದವನು ನಾನು ಎಂಬ ಗುಟ್ಟಿನ ಹೆಮ್ಮೆ ನನಗಿತ್ತು. ಮೂವತ್ತು ವರ್ಷ ಪಾಠ ಮಾಡಿ ನಾನು ಬಿಟ್ಟು ಹೋಗುವುದು ಬೇರೆ ಏನೂ ಕಾಣುತ್ತಿಲ್ಲ.

ಹೀಗಿರುವಾಗ ರೇಖಾ ಬಂದಳು. ಸಂಶೋಧನೆ ಮಾಡುವ ಹುಡುಗಿ, ಶಿಕಾರಿಪುರ ಸೊರಬದ ಮಾತುಗಳನ್ನು ಕಲೆಹಾಕುತ್ತಿದ್ದಾಳೆ. ತೊಗರ್ಸಿ ಕಡೆಯ ಕುರಿ ಕಾಯುವ ಅಜ್ಜನೊಬ್ಬ ಅವಳನ್ನು ಕಳಿಸಿಕೊಡುವಾಗ ‘ಮರದ ರೊಕ್ಕ ತಗೋಬ್ಯಾಡವ್ವ’ ಎಂದನಂತೆ. ಇದು ನಮ್ಮಜ್ಜನ ಕಾಲದ ಮಾತು ಎಂದೂ ಹೇಳಿದನಂತೆ. ರೇಖಾ ಇದರ ಮೇಲೆ ಒಂದು ಇಡೀ ಅಧ್ಯಾಯ ಬರೆದಿದ್ದಾಳೆ. ಅದರ ಪ್ರಕಾರ ಹಿಂದಿನ ರಾಜರ ಕಾಲದಲ್ಲಿ ಧಾನ್ಯ ಅಳೆಯುವವರಿಗೆ ಮರದ ಬಿಲ್ಲೆ ಕೊಡುತ್ತಿದ್ದಿರಬೇಕು. ನಾನು ನಕ್ಕು, ಅದು ಅಮೆರಿಕದ್ದು, ನಾನೇ ತಂದದ್ದು ಎಂದೆ. ಅವಳು ನಗಲಿಲ್ಲ.

‘ಅಜ್ಜ ಆಣೆ ಮಾಡಿ ಹೇಳ್ತಾರೆ ಸರ್. ನಿಮ್ಮ ಹತ್ರ ಏನೈತಿ?’

ನಿಘಂಟನ್ನು ಎಂದೋ ಗೆದ್ದಲು ತಿಂದಿತ್ತು. ಅದು ಅಮೆರಿಕದ ಮಾತೆಂಬುದಕ್ಕೆ ಬೇರೆ ಪುಸ್ತಕ ಸಿಕ್ಕೀತು. ಶಿಕಾರಿಪುರಕ್ಕೆ ನಾನೇ ತಂದೆ ಎಂಬುದಕ್ಕೆ ಯಾವ ಪುಸ್ತಕ? ಮುಂದಿನ ತಿಂಗಳು ಪ್ರಬಂಧ ಒಪ್ಪಿಸಬೇಕು, ಬೇರೆ ಯಾರಾದರೂ ಹೇಳಿದರೆ ಅಧ್ಯಾಯ ತಿದ್ದುತ್ತೇನೆ ಎಂದಳು. ಎದುರಿಗಿರುವವರ ಮಾತನ್ನು ಸುಮ್ಮನೆ ನಂಬಬೇಡಿ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವನು ನಾನು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕೂ ನನಗಿರಲಿಲ್ಲ. ಹೋಟೆಲಿನ ಯಜಮಾನರು ಈಗಿಲ್ಲ. ಸಾಕ್ಷಿ ಹೇಳಬಲ್ಲವನು ಹಾಲೇಶ ಒಬ್ಬನೇ ಇದ್ದ. ಅವನಿಗೆ ಮರೆವು ಶುರುವಾಗಿ ಎರಡು ವರ್ಷವಾಗಿತ್ತು. ಅಷ್ಟು ದಿನವೂ ನಾನು ಆ ಕಡೆ ಹೋಗಿರಲಿಲ್ಲ. ಹೋಗದಿರಲು ಮಂಡಿನೋವು, ಬಿಸಿಲು ಎಂದು ಕಾರಣಗಳನ್ನು ಹುಡುಕಿಟ್ಟುಕೊಂಡಿದ್ದೆ.

ಸೊರಬಕ್ಕೆ ಹೋದೆ. ಹಾಲೇಶ ಕುರ್ಚಿಯಲ್ಲಿ ನೀಟಾಗಿ ಕೂತಿದ್ದ, ಇಸ್ತ್ರಿ ಅಂಗಿ, ಬಾಚಿದ ತಲೆ. ‘ಬನ್ನಿ ಬನ್ನಿ, ಕೂತ್ಕಳಿ’ ಎಂದ. ನಲವತ್ತು ವರ್ಷದಲ್ಲಿ ನನಗೆ ಅವನು ‘ಬನ್ನಿ’ ಎಂದದ್ದು ಅದೇ ಮೊದಲು. ಅವನ ಹೆಂಡತಿ ಗಿರಿಜಮ್ಮ ಮುಖ ತಿರುಗಿಸಿದರು. ಏನಾದರೂ ನೆನಪು ಚಿಗುರೀತೆಂದು ನಾನು ಧಾರವಾಡ ತೆಗೆದೆ, ನಿಘಂಟು ತೆಗೆದೆ, ಅಮೆರಿಕದ ಪ್ರೊಫೆಸರರ ಕಥೆಯನ್ನು ಅಭಿನಯ ಸಮೇತ ಹೇಳಿದೆ. ಹಾಲೇಶ ಮರ್ಯಾದೆಗೆ ನಕ್ಕ. ಗಿರಿಜಮ್ಮ ಟೀ ಲೋಟ ಇಡುತ್ತ ಮೆಲ್ಲಗೆ ಹೇಳಿದರು: ‘ಅವತ್ತು ನೀವಿರ್ಲಿಲ್ಲ ಅಲ್ವಾ ಅಣ್ಣ? ಜ್ವರ ಬಂದು ರೂಮಲ್ಲಿ ಮಲಗಿದ್ರಂತೆ. ಇವ್ರು ಬಂದು ನಿಮಗೆ ಹೇಳಿದ್ರಂತೆ. ಆ ಪುಸ್ತಕನೂ ಇವ್ರೇ ತಂದಿದ್ದು ಅಂತಿದ್ರಪ್ಪ.’

ನಾನು ಟೀ ಕುಡಿದೆ. ಕೆಂಪಾದ ಆ ಕಿವಿಯನ್ನು ಎಷ್ಟು ಸಲ ನೋಡಿದ್ದೇನೆ! ನೋಡಿಯೇ ಇಲ್ಲವೆಂದರೆ ಅದನ್ನು ಯಾರು ಬಣ್ಣ ಹಚ್ಚಿ ನನ್ನ ತಲೆಯಲ್ಲಿಟ್ಟರು? ಗಿರಿಜಮ್ಮನ ನೆನಪೂ ಕೇಳಿದ ನೆನಪೇ. ಆ ಕುರಿ ಕಾಯುವ ಅಜ್ಜನಿಗೂ ತನ್ನ ಅಜ್ಜ ಹೇಳಿದ್ದು ಇಷ್ಟೇ ಸ್ಪಷ್ಟವಾಗಿ ಕೇಳಿಸುತ್ತಿರಬಹುದು. ಖಚಿತವಾಗಿ ಗೊತ್ತಿದ್ದವನೊಬ್ಬ ಎದುರಿಗೆ ಕೂತು ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಿದ್ದ.

ಹೊರಟಾಗ ಅವನು ಬಾಗಿಲವರೆಗೆ ಬಂದ. ನಾಲಿಗೆ ಹಳೇ ಅಭ್ಯಾಸದಲ್ಲಿ ಹೇಳಿಬಿಟ್ಟಿತು: ‘ಬರ್ತೀನಿ ಕಣೋ. ಮರದ ರೊಕ್ಕ ತಗೋಬ್ಯಾಡ.’

‘ಹಂಗಂದ್ರೆ ಏನ್ರೀ?’

ಅವನಿಗೆ ಇದನ್ನು ವಿವರಿಸಬೇಕಾಗಿ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಹುಷಾರಾಗಿರು, ಯಾರೂ ನಿನಗೆ ಮೋಸ ಮಾಡದಿರಲಿ ಅಂತ, ಎಂದೆ.

‘ಒಳ್ಳೇ ಮಾತು. ಯಾರು ಹೇಳಿದ್ದು ಇದು?’

‘ನೀನೇ ಕಣೋ’ ಎಂದೆ.

ಅವನ ಮುಖ ಅರಳಿತು. ಹಿಂದೆ ತಿರುಗಿ ಗಿರಿಜಮ್ಮನಿಗೆ, ‘ನಾನು ಹೇಳಿದ್ದಂತೆ’ ಎಂದ. ಮೇಷ್ಟ್ರ ಕೈಯಲ್ಲಿ ಶಹಬಾಸ್ ಅನ್ನಿಸಿಕೊಂಡು ಮನೆಗೆ ಬಂದವನ ಹಾಗೆ.

ಬಸ್ಸಿನಲ್ಲಿ ಕೂತು ರೇಖಾಗೆ ಫೋನ್ ಮಾಡಿದೆ. ಧಾರವಾಡದ ಹಳೇ ಪುಸ್ತಕದಿಂದ ಬಂದ ಮಾತು, ತಂದವರು ಸೊರಬದ ಹಾಲೇಶ ಮೇಷ್ಟ್ರು ಎಂದು ಬರಿ ಎಂದೆ. ‘ಖಾತ್ರೀನಾ ಸರ್?’ ಎಂದಳು. ಖಾತ್ರಿಯಿಲ್ಲ, ಹಾಗೆಂದೂ ಬರಿ ಎಂದೆ. ಫೋನ್ ಇಟ್ಟ ಮೇಲೆ, ಹಾಲೇಶನಿಗೆ ನಾನು ಹೇಳಿದ್ದು ನಿಜವೋ ಬೊಗಳೆಯೋ ಎಂದು ಯೋಚಿಸುತ್ತ ಕೂತೆ. ಬೊಗಳೆಗೆ ಅಮೆರಿಕದವರು ಏನೋ ಅನ್ನುತ್ತಿದ್ದರಲ್ಲ, ಯಾವುದೋ ಹಣ್ಣಿನ ಹೆಸರಿತ್ತು. ಶಿರಾಳಕೊಪ್ಪ ದಾಟಿದರೂ ನೆನಪಾಗಲಿಲ್ಲ. ಮೂರು ದಿನ ಬಿಟ್ಟು ಸ್ನಾನ ಮಾಡುವಾಗ ತಾನಾಗಿಯೇ ವಾಪಸು ಬಂತು. ಮತ್ತೆ ಹೊರಟುಹೋಗುವ ಮೊದಲು ಇರಲಿ ಎಂದು, ಒದ್ದೆ ತಲೆಯಲ್ಲೇ ಬಂದು ಈ ಬರಹದ ಮೊದಲ ಪ್ಯಾರಾದಲ್ಲಿ ಕೂರಿಸಿದ್ದೇನೆ.