ಪಂಚೆಯ ಮೂಲೆಯ ಅರಿಶಿನ

ನನ್ನ ಪಂಚೆಗಳ ಮೂಲೆಯಲ್ಲಿ ಸದಾ ಕಡಲೆಕಾಳಿನಷ್ಟು ಅಗಲದ ಒಂದು ಅರಿಶಿನದ ಚುಕ್ಕೆಯಿರುತ್ತದೆ. ಹೊಸಬಟ್ಟೆ ಉಡುವ ಮುನ್ನ ಅದರ ಮೂಲೆಗೆ ಅರಿಶಿನ ಹಚ್ಚುವುದು ನಮ್ಮ ಕಡೆಯ ವಾಡಿಕೆಯಾದ್ದರಿಂದ, ನಾನು ದಿನಕ್ಕೊಂದು ಹೊಸ ಪಂಚೆ ಉಡುವ ಕುಬೇರನೆಂದು ಚಾಮರಾಜನಗರದ ನಮ್ಮ ಶಾಲೆಯ ಸಹೋದ್ಯೋಗಿಗಳು ಹಾಸ್ಯ ಮಾಡುತ್ತಾರೆ. ಮೇಷ್ಟ್ರ ಸಂಬಳದ ಅಂದಾಜಿರುವ ನೀವು ಅದನ್ನು ನಂಬಲಾರಿರಿ ಎಂಬ ಭರವಸೆಯಿಂದಲೇ ಆ ಚುಕ್ಕೆಯ ಪುರಾಣವನ್ನು ಬಿಚ್ಚುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಕಪಿಲೆಯ ದಡದಲ್ಲಿ. ಅಲ್ಲಿ ಸೋಪನ್ನು ನೀರಿಗೆ ತೋರಿಸಿದರೆ ಸಾಕು, ನೊರೆ ತಾನಾಗಿ ಬರುತ್ತಿತ್ತು. ಅದು ಸೋಪಿನ ಗುಣವೆಂದೇ ನಾನು ತಿಳಿದಿದ್ದೆ. ಚಾಮರಾಜನಗರಕ್ಕೆ ಮೇಷ್ಟ್ರಾಗಿ ಬಂದು, ಬಾಡಿಗೆ ಕೋಣೆಯ ಹಿತ್ತಲ ಬಾವಿಯಿಂದ ಮೊದಲ ಬಕೀಟು ನೀರು ಸೇದಿದ ದಿನ ಆ ಭ್ರಮೆ ಹರಿಯಿತು. ಎಷ್ಟು ಉಜ್ಜಿದರೂ ನೊರೆಯ ಸುಳಿವಿಲ್ಲ; ಸೋಪು ಒಡೆದ ಹಾಲಿನಂತೆ ಗರಣೆಗಟ್ಟಿ ನೀರಿನ ಮೇಲೆ ತೇಲಿತು. ಎರಡು ತಿಂಗಳಲ್ಲಿ ನನ್ನ ಬಿಳಿಯ ಪಂಚೆಗಳೆಲ್ಲ ಪಾರಿವಾಳದ ಬಣ್ಣಕ್ಕೆ ತಿರುಗಿದವು. ಮನೆಯ ಒಡತಿ ಹೊನ್ನಮ್ಮನವರು ನನ್ನ ಒದ್ದಾಟವನ್ನು ನೋಡಿ ನೋಡಿ ಕೊನೆಗೊಮ್ಮೆ ಕನಿಕರಪಟ್ಟರು.

"ಗಡಸು ನೀರು ಕಣಪ್ಪ ಇದು. ಬೇಳೆಯೇ ಬೇಯಕಿಲ್ಲ, ಇನ್ನು ನಿನ್ ಸೋಪು ಏನ್ ಮಾಡಾತು? ನೀರ್ಗೆ ವಸಿ ಬಟ್ಟೆ ಸೋಡಾ ಆಕು" ಎಂದರು.

'ವಸಿ' ಎಂದರೆ ಸ್ವಲ್ಪ. ಆದರೆ ವಿದ್ಯಾವಂತನಿಗೆ ಸ್ವಲ್ಪದಲ್ಲಿ ತೃಪ್ತಿಯೆಲ್ಲಿ? ಸ್ವಲ್ಪ ಸೋಡಾದಿಂದ ಸ್ವಲ್ಪ ಬಿಳುಪಾದರೆ ಬಹಳದಿಂದ ಬಹಳ ಬಿಳುಪಾಗಬೇಕಲ್ಲವೇ ಎಂದು ತರ್ಕಿಸಿ, ನೀರಿನ ಗೊಡವೆಯೇ ಬೇಡವೆಂದು, ಒದ್ದೆ ಪಂಚೆಯ ಮೇಲೇ ಹಿಡಿಹಿಡಿಯಾಗಿ ಸುರಿದು ತಿಕ್ಕಿದೆ. ಬಾವಿ ಆಳವಾಗಿತ್ತು, ರಟ್ಟೆ ಸೋತಿತ್ತು. ಆದ್ದರಿಂದ ಜಾಲಿಸುವ ಶಾಸ್ತ್ರವನ್ನು ಒಂದೇ ಬಕೀಟಿನಲ್ಲಿ ಮುಗಿಸಿದೆ. ಪಂಚೆಯೇನೋ ಬೆಳ್ಳಗೆ ಒಣಗಿತು. ಒಣಗಿದ ಮೇಲೆ ಅದನ್ನು ಗೋಡೆಗೆ ಒರಗಿಸಿ ನಿಲ್ಲಿಸಬಹುದಿತ್ತು ಎಂಬುದನ್ನು ನಾನು ಗಂಜಿಯಿಲ್ಲದೆ ಸಿಕ್ಕ ಲಾಭವೆಂದು ಎಣಿಸಿದೆ.

ಆ ಪಂಚೆಯನ್ನೇ ಉಟ್ಟು, ಅವ್ವನೊಡನೆ ಬಸ್ಸು ಹತ್ತಿ, ತೆರಕಣಾಂಬಿಯ ದಾರಿಯ ಧೂಳನ್ನೆಲ್ಲ ಮೈದುಂಬಿಸಿಕೊಂಡು ಗುಂಡ್ಲುಪೇಟೆಗೆ ಹೆಣ್ಣು ನೋಡಲು ಹೋದೆ. ಅದಕ್ಕೆ ಮೊದಲು ಎರಡು ಸಂಬಂಧಗಳು ಕೈತಪ್ಪಿದ್ದವು. ಇದೂ ತಪ್ಪಿದರೆ ಇನ್ನು ತಾನು ಎಲ್ಲಿಗೂ ಬರುವುದಿಲ್ಲವೆಂದು ಅವ್ವ ಬಸ್ಸಿನಲ್ಲೇ ಎಚ್ಚರಿಸಿದ್ದಳು. ಆದರೆ ಗಿರಿಜೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಡುಮನೆಗೆ ಬಂದಾಗ ಅವ್ವನ ಎಚ್ಚರಿಕೆ ಬೇಕಾಗಲಿಲ್ಲ. ಈ ಹುಡುಗಿ ಒಪ್ಪದಿದ್ದರೆ ನನಗೆ ಬಹಳ ದುಃಖವಾಗುತ್ತದೆ ಎಂದು ಆ ಕ್ಷಣವೇ ನನಗೆ ಗೊತ್ತಾಯಿತು.

ಗೊತ್ತಾದ ಗಾಬರಿಯಲ್ಲಿ ಅವರೆಕಾಳಿನ, ಅರಿಶಿನ ಹಾಕಿದ ಬಿಸಿ ಉಪ್ಪಿಟ್ಟು ಒಂದು ತುತ್ತು ತೊಡೆಯ ಮೇಲೆ ಬಿತ್ತು. ಒರೆಸಿದೆ. ಹಳದಿ ಕಲೆ ನೋಡನೋಡುತ್ತಿದ್ದಂತೆ ಕೆಂಪಾಯಿತು. ನೀರು ಹಚ್ಚಿದೆ, ರಕ್ತದಂತೆ ಹರಡಿತು. ಎದುರಿಗೆ ಕುಳಿತಿದ್ದ ಗಿರಿಜೆಯ ಅಜ್ಜಿ ಎದ್ದು ನಿಂತರು.

"ಒಳ್ಳೆ ಕೆಲ್ಸಕ್ಕೆ ಕುಂತಾಗ ಬಿಳಿ ಬಟ್ಟೆ ಮ್ಯಾಲೆ ನೆತ್ತರು. ಸಕುನ ಸರಿಯಿಲ್ಲ ಕಣಪ್ಪ, ಮಾತು ಇಲ್ಗೇ ಬುಟ್ಬುಡು" ಎಂದು ಮಗನಿಗೆ ಹೇಳಿದರು. ಗಿರಿಜೆಯ ತಂದೆ ತಲೆ ತಗ್ಗಿಸಿದರು. ಅವ್ವ ನನ್ನನ್ನು ನೋಡಿದಳು. ನಾನು ಗಾಯವೆಲ್ಲಿದೆಯೆಂದು ನನ್ನ ತೊಡೆಯನ್ನೇ ತಡವಿಕೊಳ್ಳುತ್ತಿದ್ದೆ.

ಹೆಣ್ಣು ತೋರಿಸುವಾಗ ಹೆಣ್ಣು ಬಾಯಿ ಬಿಡುವ ಪದ್ಧತಿಯಿಲ್ಲ. ಗಿರಿಜೆ ಬಿಟ್ಟಳು.

"ನೆತ್ತರಲ್ಲ ಕಣಜ್ಜಿ, ಸೋಡಾ. ಬಟ್ಟೆ ಸರ್ಯಾಗಿ ಜಾಲಿಸಿಲ್ಲ, ಅದ್ಕೇ ಅರಿಶಿನ ಕೆಂಪಾಗ್ಯದೆ." ಒಳಗೆ ಹೋಗಿ ಅರ್ಧ ನಿಂಬೆಹಣ್ಣು ತಂದು ಅವ್ವನ ಕೈಗಿತ್ತಳು. ಅವ್ವ ಹಿಂಡಿದಳು, ಎಲ್ಲರೂ ಬಗ್ಗಿ ನೋಡುತ್ತಿರುವಾಗಲೇ ನೆತ್ತರು ಮತ್ತೆ ಅರಿಶಿನವಾಯಿತು. ಗಿರಿಜೆ ನೆಲ ನೋಡುತ್ತ, ನನಗೆ ಕೇಳುವಷ್ಟು ದನಿಯಲ್ಲಿ ಮುಗಿಸಿದಳು: "ಸೋಡಾನ ಮೊದ್ಲು ನೀರ್ಗೆ ಆಕಿ, ತಿಳಿಯಾಗಾಕೆ ಬುಡ್ಬೇಕು. ಬಟ್ಟೆ ಆಮ್ಯಾಕೆ."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. "ಹಂಗಾದ್ರೆ ಈ ಮೇಷ್ಟ್ರಿಗೆ ಬಿರ್ರನೆ ಮದ್ವೆ ಮಾಡ್ಬೇಕು ಬುಡು" ಎಂದರು.

ಮಾತುಕತೆ ಗೆದ್ದ ಮೇಲೆ ಮಾವನವರು ನಾನು ಯಾವ ಪಾಠ ಹೇಳುತ್ತೇನೆಂದು ವಿಚಾರಿಸಿದರು. ವಿಜ್ಞಾನ ಎಂದೆ, ಆದಷ್ಟು ಮೆಲ್ಲಗೆ. ಅರಿಶಿನ ಬಳಿದ ಕಾಗದ ಕ್ಷಾರಕ್ಕೆ ಕೆಂಪಾಗುವುದನ್ನು ಹಿಂದಿನ ವಾರವೇ ಮಕ್ಕಳಿಗೆ ಮಾಡಿ ತೋರಿಸಿದ್ದೆನೆಂಬ ಸಂಗತಿಯನ್ನು ಹೇಳಲಿಲ್ಲ. ಪಾಠ ಕರಿಹಲಗೆಯಿಂದ ತೊಡೆಗೆ ಇಳಿದು ಬರುತ್ತದೆಂದು ಯಾರು ಕಂಡಿದ್ದರು?

ಅಂದಿನಿಂದ ನಮ್ಮ ಮನೆಯಲ್ಲಿ ಕೊಳಗದ ನೀರು ಸೋಡಾ ಕುಡಿದು, ತನ್ನ ಗಡಸುತನವನ್ನು ತಳಕ್ಕೆ ಇಳಿಸಿ ತಿಳಿಯಾಗುವವರೆಗೆ ನನ್ನ ಪಂಚೆ ಕಾಯುತ್ತದೆ. ನಾನೂ ಕಾಯುವುದನ್ನು ಕಲಿತಿದ್ದೇನೆ. ಸಿಟ್ಟು ಬಂದಾಗ ಮಾತನ್ನು ಹಿಡಿಹಿಡಿಯಾಗಿ ಸುರಿಯುವ ಅಭ್ಯಾಸ ಮುಕ್ಕಾಲು ಪಾಲು ಹೋಗಿದೆ. ಒಣಗಿದ ಪಂಚೆಯ ಮೂಲೆಯನ್ನು ಗಿರಿಜೆ ಒದ್ದೆಮಾಡಿ ಚಿಟಿಕೆ ಅರಿಶಿನ ಒತ್ತುತ್ತಾಳೆ. ಹಳದಿಯಾಗಿಯೇ ಉಳಿದರೆ ಉಡಲು ಅಪ್ಪಣೆ. ಕೆಂಪಾದರೆ ಮತ್ತೆ ಬಾವಿಕಟ್ಟೆಗೆ.

ಗಿರಿಜೆ ತವರಿಗೆ ಹೋಗಿ ಹನ್ನೆರಡು ದಿನವಾಯಿತು. ಮನೆ ಬಿಕೋ ಎನ್ನುತ್ತಿದೆ. ನಿನ್ನೆ ಪಂಚೆಯನ್ನು ನಾನೇ ಒಗೆದು, ಮೂಲೆಗೆ ನಾನೇ ಅರಿಶಿನ ಒತ್ತಿದೆ. ಚುಕ್ಕೆ ಕುಂಕುಮದಂತೆ ಕೆಂಪಾಯಿತು. ಮತ್ತೆ ಜಾಲಿಸಬಹುದಿತ್ತು, ಜಾಲಿಸಲಿಲ್ಲ. ನಾಳೆ ಅದನ್ನೇ ಉಟ್ಟು ಗುಂಡ್ಲುಪೇಟೆಯ ಬಸ್ಸು ಹತ್ತುತ್ತೇನೆ. ಬಂದದ್ದೇಕೆಂದು ಆ ಮನೆಯಲ್ಲಿ ಯಾರೂ ಕೇಳಬೇಕಾಗುವುದಿಲ್ಲ.